ರಾತ್ರಿ ಒಂಬತ್ತಕ್ಕೆ ಕುದುರೆ ಆಟ

ಪ್ರಶ್ನೆ: ನಮ್ಮೂರು ಗದಗ, ಈಗ ಇರುವುದು ಡೊಂಬಿವಲಿಯಲ್ಲಿ, ಕೆಲಸ ಮುಂಬೈನ ಫೋರ್ಟ್‌ನಲ್ಲಿ. ಬೆಳಿಗ್ಗೆ ನಾನು ಲೋಕಲ್ ಹಿಡಿಯಲು ಹೊರಟಾಗ ಒಂದೂವರೆ ವರ್ಷದ ಮಗಳು ಮಲಗಿರುತ್ತಾಳೆ. ವಾಪಸ್ ಬರುವಾಗ ಎಂಟೂವರೆ. ಬಂದ ಕೂಡಲೇ ಕುದುರೆ ಆಟ, ಕಚಗುಳಿ, ಮೇಲಕ್ಕೆ ಎಸೆದು ಹಿಡಿಯುವುದು ಎಲ್ಲ ಆಗಬೇಕು. ಅವಳು ಮಲಗುವಾಗ ಹನ್ನೊಂದಾಗುತ್ತದೆ ಎಂದು ಹೆಂಡತಿಗೆ ಸಿಟ್ಟು. ‘ಇಷ್ಟು ಮುದ್ದು ಮಾಡಿದ್ರ ತಲಿ ಮ್ಯಾಲ ಕೂಡ್ತಾಳ’ ಅಂತಾಳೆ ಅವ್ವ. ಆಟ ನಿಲ್ಲಿಸಬೇಕೇ?

ಉತ್ತರ: ನಿಲ್ಲಿಸಬೇಡಿ. ಈ ವಯಸ್ಸಿನ ಮಗು ಅಪ್ಪನ ಮುದ್ದಿನಿಂದ ಕೆಡುವುದಿಲ್ಲ; ಅವ್ವನಿಗೆ ಇಷ್ಟು ಹೇಳಿದರೆ ಸಾಕು.

ನಿಮ್ಮ ಹೆಂಡತಿಯ ಮಾತಿನಲ್ಲಿ ಮಾತ್ರ ಹುರುಳಿದೆ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಹನ್ನೊಂದಕ್ಕೆ ಮಲಗಿ ಏಳಕ್ಕೆ ಎದ್ದರೆ ಎಂಟೇ ಗಂಟೆಯಾಯಿತು. ಮಧ್ಯಾಹ್ನ ಮೂರು ಗಂಟೆ ಮಲಗಿದರಷ್ಟೇ ಲೆಕ್ಕ ಕೂಡುವುದು. ಆದ್ದರಿಂದ ಬದಲಾಗಬೇಕಾದದ್ದು ಆಟದ ಸರದಿ. ಬಂದವರೇ ಕೈಕಾಲು ತೊಳೆದು, ಚಹಾಕ್ಕೂ ಮುಂಚೆ, ಕಾಲು ಗಂಟೆ ಕುದುರೆಯೋ ಕೂಸುಮರಿಯೋ ಆಡಿಬಿಡಿ. ಆಮೇಲೆ ಊಟ, ದೀಪ ಮಂದ, ಮೆತ್ತಗಿನ ಆಟ: ಸೆರಗಿನ ಹಿಂದೆ ಮುಖ ಮುಚ್ಚಿ ಇಣುಕುವುದು, ಕಾಲ್ಬೆರಳು ಎಣಿಸುವುದು. ಬೇಗ ಮಲಗಿದವಳು ಬೇಗ ಏಳಲೂಬಹುದು, ಆಗ ಟ್ರೇನಿಗೆ ಮುಂಚಿನ ಹತ್ತು ನಿಮಿಷವೂ ನಿಮ್ಮದೇ.

ಎಸೆದು ಹಿಡಿಯುವ ಆಟವನ್ನು ನಾನು ಒಪ್ಪುವುದಿಲ್ಲ. ನಮ್ಮ ಫ್ಲಾಟುಗಳಲ್ಲಿ ತಲೆಯ ಮೇಲೇ ಫ್ಯಾನ್ ತಿರುಗುತ್ತಿರುತ್ತದೆ, ದಿನವಿಡೀ ದುಡಿದು ಬಂದ ಕೈ ಬೇರೆ. ಮುಂಗೈ ಹಿಡಿದು ಗಿರಗಿರ ತಿರುಗಿಸುವುದೂ ಬೇಡ. ಐದು ವರ್ಷದೊಳಗಿನ ಮಕ್ಕಳ ಮೊಣಕೈ ಕೀಲು ಇನ್ನೂ ಸಡಿಲ, ಒಂದು ಎಳೆತಕ್ಕೆ ಮೂಳೆ ಜಾರಬಹುದು. ಮಗು ಅತ್ತು, ಆ ಕೈಯನ್ನು ಬಳಸದೆ ಜೋತು ಬಿಟ್ಟರೆ ನೀವೇ ಎಳೆದು ಕೂರಿಸಲು ಹೋಗಬೇಡಿ. ವೈದ್ಯರು ಸಾಮಾನ್ಯವಾಗಿ ಕ್ಷಣದಲ್ಲಿ ಸರಿ ಮಾಡುತ್ತಾರೆ. ಎತ್ತುವುದಾದರೆ ಕಂಕುಳಿಗೆ ಕೈ ಕೊಟ್ಟು ಎತ್ತಿ. ಇನ್ನು ಹಿಡಿದು ಜೋರಾಗಿ ಅಲುಗಾಡಿಸುವುದು ಆಟಕ್ಕೂ ಕೂಡದು, ಸಿಟ್ಟಿಗೂ ಕೂಡದು. ಮೆದುಳಿಗೇ ಪೆಟ್ಟು ಬೀಳುತ್ತದೆ.

ಕಚಗುಳಿಯ ವಿಷಯ ಸ್ವಲ್ಪ ಸೂಕ್ಷ್ಮ. ಬೇಡವಾದಾಗಲೂ ಕಚಗುಳಿಗೆ ನಗು ಬರುತ್ತದೆ, ಹಾಗಾಗಿ ನಗುವನ್ನು ನಂಬಬೇಡಿ. ಎರಡು ಸಲ ಮಾಡಿ, ಕೈ ತೆಗೆದು ಕಾಯಿರಿ. ನಿಮ್ಮ ಕೈಯನ್ನು ಅವಳೇ ಹೊಟ್ಟೆಗೆ ಎಳೆದುಕೊಂಡರೆ ಇನ್ನೊಂದು ಸುತ್ತು. ಮುಖ ತಿರುಗಿಸಿದರೆ, ಬೆನ್ನು ಬಿಲ್ಲಾಗಿಸಿದರೆ, ಕಣ್ಣುಜ್ಜಿದರೆ ಸಾಕು ಅಂತ. ಕಾಯುವ ಆ ಗಳಿಗೆಯೇ ಆಟದ ಜೀವ, ಏಕೆಂದರೆ ಆಗ ಆಟ ನಡೆಸುವವಳು ಅವಳು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದ್ದರು. ಮಗುವಿನ ಎದುರು ಕೂತ ತಾಯಿ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರಬಾರದು. ಕೂಸುಗಳು ನಕ್ಕವು, ಅಮ್ಮನನ್ನು ಮಾತಿಗೆಳೆಯಲು ನೋಡಿದವು, ಕೊನೆಗೆ ಸೋತು ಮುಖ ತಿರುಗಿಸಿದವು. ಮಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಆಫೀಸಿನ ವಾಟ್ಸಾಪ್ ನೋಡುವ ಅಪ್ಪನ ಮುಖವೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. (ನೀವು ಹಾಗೆ ಮಾಡುತ್ತೀರಿ ಅಂತಲ್ಲ.)

ಸರದಿ ಬದಲಿಸಿ ಎರಡು ಮೂರು ವಾರವಾದರೂ ಅವಳು ಬೇಗ ಮಲಗದಿದ್ದರೆ, ಅಥವಾ ಅವಳು ದಿನವೂ ಗೊರಕೆ ಹೊಡೆಯುತ್ತಿದ್ದರೆ, ಬಾಯಲ್ಲಿ ಉಸಿರಾಡುತ್ತಿದ್ದರೆ, ತಪ್ಪು ಆಟದ್ದಲ್ಲದಿರಬಹುದು. ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ.