ಮಗಳು ಚೆನ್ನಾಗಿಯೇ ಇದ್ದಾಳೆ, ಲೂಪಸ್ ವರದಿಯ ಅಂಕಿ ಮಾತ್ರ ಏರಿದೆ. ಹೆದರಬೇಕೇ?

ನಿಮ್ಮ 12 ವರ್ಷದ ಮಗಳಿಗೆ ಲೂಪಸ್, ಅಂದರೆ ರೋಗನಿರೋಧಕ ಶಕ್ತಿ ತನ್ನದೇ ಮೈಮೇಲೆ ತಿರುಗಿ ಬೀಳುವ ಕಾಯಿಲೆ. ಈಗ ಜ್ವರವಿಲ್ಲ, ಗಂಟುನೋವಿಲ್ಲ, ಕೆನ್ನೆಯ ಕೆಂಪು ಮಾಸಿದೆ. ಆದರೆ ಆ್ಯಂಟಿ ಡಿಎಸ್‌ಡಿಎನ್‌ಎ ಎಂಬ, ಡಿಎನ್‌ಎಗೆ ಅಂಟುವ ಪ್ರತಿಕಾಯದ (ಆ್ಯಂಟಿಬಾಡಿ) ಅಂಕಿ ದುಪ್ಪಟ್ಟಾಗಿದೆ, ವೈದ್ಯರು ಸ್ಟೀರಾಯ್ಡ್ ಹೆಚ್ಚಿಸದೆ ‘ಕಾದು ನೋಡೋಣ’ ಎಂದಿದ್ದಾರೆ, ಇದು ಅಲಕ್ಷ್ಯವಲ್ಲವೇ ಎಂದು ಕುಂದಾಪುರದಿಂದ ಕೇಳಿದ್ದೀರಿ. ನಾನು ವೈದ್ಯೆಯಲ್ಲ, ಮಂಗಳೂರಿನ ಪ್ರಯೋಗಾಲಯವೊಂದರಲ್ಲಿ ಇಂಥ ರಕ್ತಪರೀಕ್ಷೆಗಳನ್ನು ಮಾಡುವವಳು. ನನಗೆ ಇದು ಅಲಕ್ಷ್ಯದಂತೆ ಕಾಣುವುದಿಲ್ಲ.

ಮೊದಲು ಎರಡೂ ವರದಿಗಳ ತಲೆಬರಹ ನೋಡಿ. ಕಳೆದ ಬಾರಿ ಮಣಿಪಾಲದಲ್ಲಿ, ಈ ಬಾರಿ ಮಂಗಳೂರಿನ ಹಂಪನಕಟ್ಟೆಯಲ್ಲಿ ರಕ್ತ ಕೊಟ್ಟಿದ್ದರೆ ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುವುದೇ ತಪ್ಪು. ಈ ಪ್ರತಿಕಾಯ ಅಳೆಯುವ ಎಲೈಸಾ ಎಂಬ ವಿಧಾನ ಸಡಿಲವಾಗಿ ಅಂಟುವ ಪ್ರತಿಕಾಯಗಳನ್ನೂ ಎಣಿಸಿಬಿಡುತ್ತದೆ, ಕಿಟ್ ಬದಲಾದರೆ ಅಂಕಿಯೂ ಬದಲಾಗುತ್ತದೆ. ಇನ್ನೊಂದು ವಿಧಾನದಲ್ಲಿ ಕ್ರಿಥಿಡಿಯಾ ಎಂಬ ಏಕಕೋಶ ಜೀವಿಯನ್ನು ಬಳಸುತ್ತೇವೆ. ಅದರ ಡಿಎನ್‌ಎ ಗಂಟಿಗೆ ಪ್ರತಿಕಾಯ ಅಂಟಿದ್ದರೆ ಸೂಕ್ಷ್ಮದರ್ಶಕದಡಿ ಹಸಿರಾಗಿ ಹೊಳೆಯುತ್ತದೆ. ನೋಡಲು ಬಲು ಚೆಂದ, ಆದರೆ ಇದರ ಫಲಿತಾಂಶ ಎಲೈಸಾದ ಯೂನಿಟ್‌ಗಳಲ್ಲಿ ಬರುವುದೇ ಇಲ್ಲ. ಆದ್ದರಿಂದ ಪ್ರತಿ ಬಾರಿಯೂ ಒಂದೇ ಕಡೆ ಪರೀಕ್ಷೆ ಮಾಡಿಸಿ.

ಒಂದೇ ಪ್ರಯೋಗಾಲಯದಲ್ಲಿ ನಿಜವಾಗಿಯೇ ಏರಿದ್ದರೆ? ಆಗಲೂ ಒಂಟಿ ಅಂಕಿಯಿಂದ ತೀರ್ಮಾನಕ್ಕೆ ಬರಲಾಗದು. ಈ ಪ್ರತಿಕಾಯಗಳು ಡಿಎನ್‌ಎಯೊಂದಿಗೆ ಕೂಡಿ ಮೂತ್ರಪಿಂಡದ ಸೋಸುವ ಭಾಗದಲ್ಲಿ ತಂಗಿದಾಗ ಉರಿಯೂತ ಶುರುವಾಗುತ್ತದೆ. ಆ ಕಾದಾಟದಲ್ಲಿ ಸಿ3, ಸಿ4 ಎಂಬ ರಕ್ತದ ಪ್ರೋಟೀನ್‌ಗಳು ಖರ್ಚಾಗುತ್ತವೆ. ಹಾಗಾಗಿ ಪ್ರತಿಕಾಯ ಏರುತ್ತ, ಸಿ3 ಇಳಿಯುತ್ತ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ ಅದು ಗಂಭೀರ. ಪ್ರತಿಕಾಯ ಮಾತ್ರ ಏರಿದ್ದು ಮಗು ಆರಾಮವಾಗಿರುವ ಸ್ಥಿತಿಯೂ ವೈದ್ಯರಿಗೆ ಹೊಸದಲ್ಲ. ಕೆಲವರಲ್ಲಿ ಅದು ಬಹುಕಾಲ ಹಾಗೆಯೇ ಇರುತ್ತದೆ, ಕೆಲವರಲ್ಲಿ ರೋಗ ಮರುಕಳಿಸುವ ಮುನ್ಸೂಚನೆಯಾಗುತ್ತದೆ. ‘ನೋಡೋಣ’ ಎಂದರೆ ಇನ್ನಷ್ಟು ಬೇಗ ಬೇಗ ನೋಡೋಣ ಎಂದರ್ಥ. ಮುಂದಿನ ಪರೀಕ್ಷೆ ಯಾವಾಗ ಎಂದು ಕೇಳಿ ದಿನಾಂಕ ಬರೆಸಿಕೊಳ್ಳಿ.

ರೋಗದ ಚಟುವಟಿಕೆ ಅಳೆಯುವ ಸ್ಲೆಡಾಯ್ ಪಟ್ಟಿಯಲ್ಲೂ ಏರಿದ ಪ್ರತಿಕಾಯಕ್ಕೆ ಸಿಗುವುದು 2 ಅಂಕ. ಗಂಟು ಉರಿಯೂತಕ್ಕೆ 4, ಲೂಪಸ್‌ನಿಂದ ಬಂದ ಅಪಸ್ಮಾರಕ್ಕೆ 8. ಬರೀ ಅಂಕಿಗೆ ಹೆದರಿ ಸ್ಟೀರಾಯ್ಡ್ ಏರಿಸಿದರೆ ಬೆಳೆಯುವ ಮಗುವಿನ ಎತ್ತರ, ಮೂಳೆ, ಮುಖ ಎಲ್ಲವೂ ಅದರ ಬೆಲೆ ತೆರಬೇಕಾಗುತ್ತದೆ.

ನನ್ನನ್ನು ಕೇಳಿದರೆ, ಅತಿ ಅಗ್ಗದ ಮೂತ್ರಪರೀಕ್ಷೆಯೇ ಇಲ್ಲಿ ಅತಿ ಮುಖ್ಯ. ಮಕ್ಕಳ ಲೂಪಸ್ ದೊಡ್ಡವರದಕ್ಕಿಂತ ಹೆಚ್ಚಾಗಿ ಮೂತ್ರಪಿಂಡಕ್ಕೆ ತಗಲುತ್ತದೆ, ಅದೂ ನೋವಿಲ್ಲದೆ. ಮೂತ್ರದಲ್ಲಿ ಪ್ರೋಟೀನ್ ಎಷ್ಟು ಸೋರುತ್ತಿದೆ ಎಂದು ಹೇಳುವ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ 0.5 ದಾಟಿದರೆ ವೈದ್ಯರು ಸುಮ್ಮನಿರುವುದಿಲ್ಲ. ಎಎನ್‌ಎ ಎಂಬ, ಕೋಶಕೇಂದ್ರದ ವಿರುದ್ಧದ ಪ್ರತಿಕಾಯ ಹುಡುಕುವ ಪರೀಕ್ಷೆಯನ್ನು ಮಾತ್ರ ಮತ್ತೆ ಮತ್ತೆ ಮಾಡಿಸಬೇಡಿ. ಅದು ರೋಗ ಪತ್ತೆಗೆ, ಏರಿಳಿತ ಅಳೆಯಲಿಕ್ಕಲ್ಲ.

ಚರ್ಮದ ಮೇಲೆ ಕಲೆ ಕಂಡರೆ ನಮ್ಮೂರಲ್ಲಿ ನಾಗದೋಷದ ಮಾತು ಬಂದೇ ಬರುತ್ತದೆ. ಆಶ್ಲೇಷಾ ಬಲಿ ಮಾಡಿಸುವುದಿದ್ದರೆ ಮಾಡಿಸಿ, ಲೂಪಸ್ ಹತೋಟಿಯಲ್ಲಿಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಒಂದು ದಿನವೂ ತಪ್ಪದಿರಲಿ. ಆದರೆ ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಅಮೃತಬಳ್ಳಿ ಕಷಾಯವನ್ನು ವೈದ್ಯರಿಗೆ ಹೇಳದೆ ಕುಡಿಸಬೇಡಿ. ಇವಳ ಕಾಯಿಲೆಯೇ ಆ ಶಕ್ತಿ ತನ್ನ ಮೈಮೇಲೆ ತಿರುಗಿ ಬಿದ್ದದ್ದು.

ಕಾಲು ಊದಿದರೆ, ಮೂತ್ರ ನೊರೆನೊರೆಯಾದರೆ ಅಥವಾ ಜ್ವರ ಬಂದರೆ ಬರೆಸಿಕೊಂಡ ದಿನಾಂಕಕ್ಕೆ ಕಾಯದೆ ಹೊರಡಿ. ಮುಂದಿನ ಬಾರಿ ಬೆಳಗಿನ ಮೊದಲ ಮೂತ್ರವನ್ನು ಮನೆಯಿಂದಲೇ ತನ್ನಿ. ಈ ಪರೀಕ್ಷೆಗಳಿಗೆ ಖಾಲಿ ಹೊಟ್ಟೆ ಬೇಕಿಲ್ಲ, ಮಗುವಿಗೆ ತಿಂಡಿ ತಿನ್ನಿಸಿಯೇ ಬಸ್ ಹತ್ತಿಸಿ.