ಹದಿನಾಲ್ಕು ಬೇಡಿಕೆ, ಒಂದೇ ಮನವಿ: ಒತ್ತಡ ಬೀಳುವುದು ಎಲ್ಲಿ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರ. ನಾಲ್ಕೂವರೆ ಎಕರೆ ತೋಟವಿದೆ. ಆನೆ ಹಾವಳಿ, ಮೆಣಸಿನ ಬೆಲೆ, ಬ್ಯಾಂಕಿನ ಹರಾಜು ನೋಟಿಸು ಎಂದು ನಮ್ಮ ಹೋಬಳಿಯ ಬೆಳೆಗಾರರ ಸಂಘ ಆರು ವರ್ಷಗಳಿಂದ ಮನವಿ ಕೊಡುತ್ತಲೇ ಇದೆ. ಬಂದ ಮಂತ್ರಿಗಳು ಮನವಿ ಹಿಡಿದು ಫೋಟೊಗೆ ನಿಲ್ಲುತ್ತಾರೆ, ಆಮೇಲೆ ಸುದ್ದಿಯಿಲ್ಲ. ಒತ್ತಡ ಗುಂಪುಗಳು ಸರ್ಕಾರವನ್ನೇ ಬಗ್ಗಿಸುತ್ತವೆ ಎಂದು ಓದಿದ್ದೇನೆ. ನಮ್ಮಿಂದ ಏಕೆ ಆಗುತ್ತಿಲ್ಲ? ನಾವೇ ಚುನಾವಣೆಗೆ ನಿಲ್ಲಬೇಕೇ? ಕಳೆದ ಸಲದ ಮನವಿಯ ಪ್ರತಿಯನ್ನು ಲಗತ್ತಿಸಿದ್ದೇನೆ.

ಉತ್ತರ: ಪ್ರತಿಯನ್ನು ಎರಡು ಸಲ ಓದಿದೆ. ಎರಡೂವರೆ ಪುಟ, ಹದಿನಾಲ್ಕು ಬೇಡಿಕೆ, ಮೂವತ್ತೊಂದು ಸಹಿ. ಮೇಲೆ ಟಪಾಲು ವಿಭಾಗದ ನೇರಳೆ ಮುದ್ರೆ. ಜೊತೆಗೆ ಬಂದಿರುವ ಹಿಂಬರಹದಲ್ಲಿ ಇರುವುದು ಒಂದೇ ವಾಕ್ಯ: ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟ ಇಲಾಖೆಗೆ ರವಾನಿಸಲಾಗಿದೆ.

ಸಂಬಂಧಪಟ್ಟ ಇಲಾಖೆ ಯಾವುದು ಸ್ವಾಮಿ? ನಿಮ್ಮ ಹದಿನಾಲ್ಕು ಬೇಡಿಕೆಗಳು ಕನಿಷ್ಠ ಆರು ಬಾಗಿಲುಗಳಿಗೆ ಸೇರಿದವು. ಆನೆ ರಾಜ್ಯದ ಅರಣ್ಯ ಇಲಾಖೆಯ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿಯಾದ್ದರಿಂದ ಶಾಸಕರು ಹೇಳಿದ ಮಾತ್ರಕ್ಕೆ ಅದನ್ನು ಹಿಡಿಯಲಾಗದು. ಮೆಣಸಿನ ಆಮದು ಕೇಂದ್ರದ ವಾಣಿಜ್ಯ ಸಚಿವಾಲಯದ್ದು; ಕಾಫಿ ಮಂಡಳಿಯೂ ಅದರಡಿಯಲ್ಲೇ ಇದೆ, ಕೃಷಿ ಸಚಿವಾಲಯದಲ್ಲಿ ಅಲ್ಲ. ಹರಾಜು ನೋಟಿಸು ಬರುವುದು, ಸಾಲ ತೀರದಿದ್ದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ಹರಾಜಿಗಿಡಲು ಬಿಡುವ 2002ರ ಸರ್ಫೇಸಿ ಕಾಯ್ದೆಯಡಿ. ಆ ಕಾಯ್ದೆ ಕೃಷಿಭೂಮಿಯನ್ನು ಹೊರಗಿಟ್ಟಿದೆ. ಕಾಫಿ ತೋಟ ಕೃಷಿಭೂಮಿ ಹೌದೋ ಅಲ್ಲವೋ ಎಂಬುದೇ ವ್ಯಾಜ್ಯ, ಅದರ ಕೀಲಿ ದೆಹಲಿಯಲ್ಲಿದೆ. ಇವೆಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಇವುಗಳಲ್ಲಿ ಯಾವುದಕ್ಕೂ ಅಧಿಕಾರವಿಲ್ಲದ ಕಚೇರಿಗೆ ಕೊಟ್ಟಿದ್ದೀರಿ. ಅಲ್ಲಿನ ಗುಮಾಸ್ತರು ಕಾಗದವನ್ನು ಮುಂದೆ ತಳ್ಳದೆ ಇನ್ನೇನು ಮಾಡಿಯಾರು?

ಒತ್ತಡ ಗುಂಪು ಎಂದರೆ ಅಧಿಕಾರ ಹಿಡಿಯಲು ಹೊರಟಿರದ, ಅಧಿಕಾರದಲ್ಲಿರುವವರ ತೀರ್ಮಾನವನ್ನು ತನ್ನ ಕಡೆಗೆ ಎಳೆಯುವ ಸಂಘಟನೆ. ಆ ತೀರ್ಮಾನ ಯಾರ ಸಹಿಯಿಂದ, ಯಾವಾಗ ಆಗುತ್ತದೆ ಎಂಬುದನ್ನು ಹುಡುಕುವುದೇ ಅದರ ಮೊದಲ ಕೆಲಸ. ನಿಮ್ಮ ಕಣ್ಣೆದುರೇ ನಡೆದ ಉದಾಹರಣೆಯಿದೆ. 2017ರಲ್ಲಿ ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಿನಲ್ಲಿ, ಕಡಿಮೆ ಸುಂಕಕ್ಕೆ ಒಳಬರುತ್ತಿದೆ ಎಂಬ ದೂರು ಎದ್ದಿತು. ಇಲ್ಲಿ ಬೆಲೆ ಕುಸಿಯುತ್ತಿತ್ತು. ಕೊಡಗು, ಹಾಸನ, ಚಿಕ್ಕಮಗಳೂರಿನ ಬೆಳೆಗಾರರ ಸಂಘಟನೆಗಳು ‘ಬೆಲೆ ಕೊಡಿ’ ಎಂದು ಮುಖ್ಯಮಂತ್ರಿಗಳ ಮನೆಯ ಮುಂದೆ ಕೂರಲಿಲ್ಲ. ಆಮದಿನ ದಾರಿಯನ್ನು ವಾಣಿಜ್ಯ ಸಚಿವಾಲಯದ ಮುಂದಿಟ್ಟವು. ಕೇಳಿದ್ದು ಒಂದೇ: ಕನಿಷ್ಠ ಆಮದು ಬೆಲೆ, ಎಂದರೆ ಹೊರಗಿನಿಂದ ಬರುವ ಮೆಣಸಿಗೆ ಸರ್ಕಾರ ಕಟ್ಟುವ ತಳಮಟ್ಟದ ಬೆಲೆ. ಡಿಸೆಂಬರ್ 2017ರಲ್ಲಿ ಅದು ಕಿಲೋಗೆ 500 ರೂಪಾಯಿ ಎಂದು ನಿಗದಿಯಾಯಿತು. ಮಾರ್ಚ್ 2018ರಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಮೆಣಸಿನ ಆಮದನ್ನೇ ನಿಷೇಧಿಸಲಾಯಿತು. ಆಮದುದಾರರು ಸುಮ್ಮನಿರದೆ ನ್ಯಾಯಾಲಯದ ಮೆಟ್ಟಿಲೇರಿದರು. ಅವರದೂ ಒತ್ತಡ ಗುಂಪೇ, ಅವರಿಗೂ ಆ ಹಕ್ಕಿದೆ. ನೀವು ಮೇಜಿನ ಈ ಬದಿಯಲ್ಲಿ ಕೂತಿರುವಾಗ ಎದುರು ಬದಿಯ ಕುರ್ಚಿ ಖಾಲಿಯಿದೆ ಎಂದುಕೊಳ್ಳಬೇಡಿ.

ಆನೆಯ ವಿಷಯದಲ್ಲಿ ದಾರಿ ಬೇರೆಯಾಗಿತ್ತು. ಆಲೂರು, ಸಕಲೇಶಪುರ ಭಾಗದ ಸಂಕಟ ಹೈಕೋರ್ಟ್‌ವರೆಗೂ ಹೋಯಿತು. ಕೋರ್ಟ್ ರಚಿಸಿದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಅದರ ಬಲದ ಮೇಲೆ 2014ರಲ್ಲಿ ಈ ಭಾಗದಿಂದ 22 ಆನೆಗಳನ್ನು ಹಿಡಿಯಲಾಯಿತು. ರಸ್ತೆ ತಡೆಗಳಿಂದ ಆಗದ್ದು ತಜ್ಞರ ವರದಿಯಿಂದ ಆಯಿತು, ಏಕೆಂದರೆ ಅಂಥ ಕಡತಕ್ಕೆ ಸಹಿ ಹಾಕುವ ಅಧಿಕಾರಿಗೆ ನಾಳೆ ತನ್ನನ್ನು ಕಾಯುವ ಆಧಾರ ಬೇಕು. ಆದರೂ ಆನೆಗಳು ಮತ್ತೆ ಬಂದವು. ಹಾಗಾಗಿ ಇನ್ನೊಮ್ಮೆ ಹಿಡಿಯಿರಿ ಎಂದಷ್ಟೇ ಕೇಳಿದರೆ ಸಾಲದು. ಯಾವ ತೋಟ, ಯಾವ ದಿನಾಂಕ, ಎಷ್ಟು ಗಿಡ, ಮಹಜರು ಯಾವಾಗ ಆಯಿತು, ಪರಿಹಾರ ಎಷ್ಟು ತಿಂಗಳಿಗೆ ಬಂತು: ಇದನ್ನು ಒಂದು ವರ್ಷ ಒಂದೇ ಪುಸ್ತಕದಲ್ಲಿ ಬರೆದಿಡಿ. ಅಂಥ ಪುಸ್ತಕ ಸರ್ಕಾರದ ಬಳಿಯೂ ಸಾಮಾನ್ಯವಾಗಿ ಇರುವುದಿಲ್ಲ. ಅದಿದ್ದ ಸಂಘವನ್ನು ಅಧಿಕಾರಿಗಳೇ ಸಭೆಗೆ ಕರೆಯುತ್ತಾರೆ.

ಇನ್ನು ಪಕ್ಷಗಳ ಮಾತು. ಪಕ್ಷಗಳು ಬಗ್ಗುವುದು ಮತಕ್ಕೆ, ಹಣಕ್ಕೆ, ಹೆದರಿಕೆಗೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿ ಕಾಪಾಡಬೇಕೆಂದ ಕಸ್ತೂರಿರಂಗನ್ ವರದಿಯನ್ನು ನೋಡಿ. 2014ರಿಂದ 2024ರವರೆಗೆ ಕೇಂದ್ರ ಆರು ಸಲ ಕರಡು ಅಧಿಸೂಚನೆ ಹೊರಡಿಸಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶ ಅದರಲ್ಲಿತ್ತು. ಮಲೆನಾಡಿನಲ್ಲಿ ಅದರ ಪರವಾಗಿ ಮತ ಕೇಳುವ ಧೈರ್ಯ ಯಾವ ಪ್ರಮುಖ ಪಕ್ಷಕ್ಕೂ ಬರಲಿಲ್ಲ. ಸೆಪ್ಟೆಂಬರ್ 2024ರಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ತಿರಸ್ಕರಿಸುವ ತೀರ್ಮಾನ ಮಾಡಿತು. ಸಂಘಟಿತ ಗುಂಪಿನ ದೊಡ್ಡ ಶಕ್ತಿ ಹೊಸದನ್ನು ತರುವುದರಲ್ಲಿ ಅಲ್ಲ, ಬರುವುದನ್ನು ತಡೆಯುವುದರಲ್ಲಿದೆ. ಇದನ್ನು ನಾನು ಬರಿಯ ಗೆಲುವೆಂದು ಬರೆಯಲಾರೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮನೆ, ತೋಟ ಕಳೆದುಕೊಂಡವರಿಗೆ, ಕಾಡು ಉಳಿಯಲಿ ಎಂದು ಹೇಳಲು ಯಾವ ಸಂಘವಿತ್ತು? ಗುಂಪಿಲ್ಲದವರ ಮತ ಎಣಿಕೆಗೆ ಬರುತ್ತದೆ, ಮಾತು ಬರುವುದಿಲ್ಲ.

ಚುನಾವಣೆಗೆ ನಿಲ್ಲುವುದು ಬೇಡ ಎಂದೇ ನನ್ನ ಸಲಹೆ. 1980ರ ನರಗುಂದ, ನವಲಗುಂದ ರೈತ ಬಂಡಾಯದ ಬೆನ್ನಲ್ಲಿ ಹುಟ್ಟಿದ ರೈತ ಸಂಘಕ್ಕೆ ಎಲ್ಲ ಪಕ್ಷಗಳೂ ಅಂಜುತ್ತಿದ್ದವು. 1983ರಲ್ಲಿ ಗುಂಡೂರಾವ್ ಸರ್ಕಾರ ಸೋಲಲು ರೈತರ ಸಿಟ್ಟೂ ಒಂದು ಕಾರಣ. ಅದೇ ಸಂಘ ಮುಂದೆ ತಾನೇ ಕಣಕ್ಕಿಳಿದಾಗ ಗೆದ್ದದ್ದು ಬೆರಳೆಣಿಕೆಯ ಸ್ಥಾನ. ಬೀದಿಯಲ್ಲಿ ಲಕ್ಷ ಜನರಿದ್ದಾರೆ ಎಂಬ ಅಂದಾಜು ಮತಪೆಟ್ಟಿಗೆಯಲ್ಲಿ ಇಂತಿಷ್ಟೇ ಎಂಬ ಲೆಕ್ಕವಾಗಿಬಿಟ್ಟಿತು. ನಿಮ್ಮ ಹೋಬಳಿಯ ಸಂಘ ಒಬ್ಬ ಅಭ್ಯರ್ಥಿಯನ್ನು ನಿಲ್ಲಿಸಿ ಒಂಬೈನೂರು ಮತ ಪಡೆದರೆ, ಮುಂದಿನ ಸಲ ನಿಮ್ಮನ್ನು ಯಾರೂ ಮಾತನಾಡಿಸುವುದಿಲ್ಲ. ಅದರ ಬದಲು ಟಿಕೆಟ್ ಘೋಷಣೆಗೂ ಮೊದಲು ಎಲ್ಲ ಆಕಾಂಕ್ಷಿಗಳನ್ನೂ ಒಂದೇ ಸಭೆಗೆ ಕರೆದು ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ನಿಮ್ಮ ಮನವಿಯಲ್ಲಿ ನನ್ನನ್ನು ಕಾಡಿದ್ದು ಇನ್ನೊಂದಿದೆ. ಮೂವತ್ತೊಂದು ಸಹಿಯೂ ತೋಟದ ಮಾಲೀಕರದ್ದು. ಬೆಳಿಗ್ಗೆ ಏಳಕ್ಕೆ ಬುತ್ತಿ ಹಿಡಿದು ಮಂಜಿನಲ್ಲಿ ತೋಟದ ದಾರಿ ನಡೆಯುವವರು ಕಾರ್ಮಿಕರು. ಆನೆ ಎದುರಾದರೆ ಸಾಯುವವರೂ ಅವರೇ. ಅವರು ವಾಸಿಸುವ ಲೈನ್ ಮನೆಗಳ ಒಂದು ಹೆಬ್ಬೆಟ್ಟಿನ ಗುರುತೂ ಅಲ್ಲಿಲ್ಲ. ಅವರನ್ನು ಸೇರಿಸಿಕೊಂಡರೆ ಮನವಿಯ ಮೇಲಿನ ಸಹಿಗಳು ಮೂವತ್ತೊಂದರಿಂದ ಮುನ್ನೂರಾಗುತ್ತವೆ, ಶಾಸಕರು ಅದನ್ನು ಓದುವ ರೀತಿಯೇ ಬದಲಾಗುತ್ತದೆ. ಆದರೆ ಅವರು ಸುಮ್ಮನೆ ಬರುವುದಿಲ್ಲ. ನಿವೇಶನ, ಕೂಲಿ ಎಂದು ಅವರದೂ ಬೇಡಿಕೆಗಳಿವೆ. ಅವುಗಳಲ್ಲಿ ಒಂದನ್ನಾದರೂ ನಿಮ್ಮದಾಗಿಸಿಕೊಳ್ಳಬೇಕಾಗುತ್ತದೆ.

ಹದಿನಾಲ್ಕರಲ್ಲಿ ಈ ವರ್ಷಕ್ಕೆ ಒಂದನ್ನು ಆರಿಸಿ. ಹಣ ಬೇಡುವಂಥದ್ದಾದರೆ ರಾಜ್ಯ ಬಜೆಟ್‌ಗೆ ಮೂರು ತಿಂಗಳ ಮೊದಲೇ ಇಲಾಖೆಗೆ ತಲುಪಿಸಿ. ಮಂಡನೆಯಾದ ಮೇಲೆ ಕೊಟ್ಟ ಮನವಿ ಮುಂದಿನ ವರ್ಷದ್ದು. ನಿಮ್ಮ ಶಾಸಕರಿಗೆ ಮನವಿಯ ಬದಲು ಸದನದಲ್ಲಿ ಕೇಳಬಹುದಾದ ಪ್ರಶ್ನೆಯನ್ನೇ ಬರೆದು ಕೊಡಿ. ಉತ್ತರ ಮುದ್ರಿತವಾಗಿ ಬರುತ್ತದೆ, ಸರ್ಕಾರದ್ದೇ ಅಂಕಿಗಳು ನಿಮ್ಮ ಕೈಗೆ ಸಿಗುತ್ತವೆ.

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಪದವಿ ಓದುತ್ತಿದ್ದೇನೆ. ಲಾಬಿ ಎಂದರೂ ಲಂಚ ಎಂದರೂ ಒಂದೇ ಅಲ್ಲವೇ?

ಉತ್ತರ: ಅಲ್ಲಮ್ಮ. ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ವಾದ, ಮಾಹಿತಿ, ಜನಬಲದಿಂದ ಮನವೊಲಿಸುವುದು ಅದರ ಮುಂದುವರಿಕೆ. ತೀರ್ಮಾನಕ್ಕೆ ಬೆಲೆ ಕಟ್ಟಿ ಕೊಳ್ಳುವುದು ಭ್ರಷ್ಟಾಚಾರ ತಡೆ ಕಾಯ್ದೆಯಡಿ ಅಪರಾಧ. ತೊಡಕಿರುವುದು ನಡುವಿನ ಮಬ್ಬಿನಲ್ಲಿ. ಅಮೆರಿಕದಲ್ಲಿ ಲಾಬಿ ಮಾಡುವವರು ನೋಂದಾಯಿಸಿಕೊಳ್ಳಬೇಕೆಂಬ ಕಾಯ್ದೆಯಿದೆ, ಈಗಿನದು 1995ರದ್ದು; ನಮ್ಮಲ್ಲಿ ಅಂಥದ್ದಿಲ್ಲ. ಪಕ್ಷಕ್ಕೆ ಯಾರು ಎಷ್ಟು ಕೊಟ್ಟರು ಎಂಬುದನ್ನು ಮತದಾರರಿಂದ ಮರೆಮಾಡಿದ್ದ ಚುನಾವಣಾ ಬಾಂಡ್‌ಗಳನ್ನು ಸುಪ್ರೀಂ ಕೋರ್ಟ್ 15 ಫೆಬ್ರುವರಿ 2024ರಂದು ರದ್ದುಪಡಿಸಿತು. ಆದರೆ 20,000 ರೂಪಾಯಿ ಮೀರದ ದೇಣಿಗೆ ಕೊಟ್ಟವರ ಹೆಸರನ್ನು ಪಕ್ಷಗಳು ಇಂದಿಗೂ ಚುನಾವಣಾ ಆಯೋಗಕ್ಕೆ ತಿಳಿಸಬೇಕಿಲ್ಲ.