ರೀಮ್ಯಾಪ್ ಮಾಡಿಸಿದ ಪೋಲೊದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಘಾಟಿಯಲ್ಲಿ ಬಿಸಿಯಾಗುತ್ತಿದೆ, ಕೂಲರ್ ಹಾಕಿಸಲೇ?

ನಿಮ್ಮದು 1.0 ಟಿಎಸ್‌ಐ ಟರ್ಬೊ ಪೆಟ್ರೋಲ್ ಎಂಜಿನ್, 6 ಸ್ಪೀಡ್ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್ (ಕನ್ವರ್ಟರ್ ಅಂದರೆ ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ). ರೀಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸಿದ್ದು, ಆದಮೇಲೆ ಚಾರ್ಮಾಡಿ ಹತ್ತುವಾಗ ಸ್ಕ್ಯಾನರ್‌ನಲ್ಲಿ ಗೇರ್‌ಬಾಕ್ಸ್ ಆಯಿಲ್ 118 ಡಿಗ್ರಿ ತೋರಿಸಿತು ಅಂದಿದ್ದೀರಿ. ನನ್ನದೂ ಅದೇ ಗಾಡಿ, ನಾನೂ ಇದೇ ಪಾಡು ಪಟ್ಟಿದ್ದೇನೆ. ಕೂಲರ್‌ಗೆ ದುಡ್ಡು ಹಾಕುವ ಮೊದಲು ಆಯಿಲ್ ಲೆವೆಲ್ ನೋಡಿಸಿ.

ಈ ಗೇರ್‌ಬಾಕ್ಸ್‌ಗೆ ಡಿಪ್‌ಸ್ಟಿಕ್ ಇಲ್ಲ. ಗಾಡಿ ಸಮತಟ್ಟಾಗಿ ನಿಂತಿರಬೇಕು, ಎಂಜಿನ್ ಓಡುತ್ತಿರಬೇಕು, ಆಯಿಲ್ 35ರಿಂದ 45 ಡಿಗ್ರಿ ಒಳಗಿರಬೇಕು; ಆಗ ಕೆಳಗಿನ ಬೋಲ್ಟ್ ಬಿಚ್ಚಿದರೆ ಹೆಚ್ಚಾದದ್ದು ಮಾತ್ರ ಹನಿಯುತ್ತದೆ. ನಾನು ಆಯಿಲ್ ಬದಲಿಸಿದ ಗ್ಯಾರೇಜಿನಲ್ಲಿ ಗಾಡಿ ಓಡಿಸಿಕೊಂಡು ಬಂದ ಬಿಸಿಯಲ್ಲೇ ಬೋಲ್ಟ್ ತೆಗೆದರು. ಬಿಸಿ ಆಯಿಲ್ ಹಿಗ್ಗಿರುತ್ತದಲ್ಲ, ಇರಬೇಕಾದದ್ದೂ ಸುರಿದುಹೋಯಿತು. ಆಮೇಲೆ ಒಂದೊಂದು ತಿರುವಿನಲ್ಲೂ ಪಂಪ್ ಗಾಳಿ ಎಳೆದು ಬಿಸಿ ಏರುತ್ತಿತ್ತು. ಬೇರೆ ಮೆಕ್ಯಾನಿಕ್ ತಣ್ಣಗಿದ್ದಾಗ ಲೆವೆಲ್ ಸರಿಮಾಡಿದ ಮೇಲೆ ಅದೇ ರಸ್ತೆಯಲ್ಲಿ 105 ದಾಟಲಿಲ್ಲ.

ಇನ್ನು ಬಿಸಿ ಹುಟ್ಟುವ ಜಾಗ. ಕನ್ವರ್ಟರ್‌ನ ಎರಡೂ ಬದಿ ಒಂದಾಗಿ ತಿರುಗುವಂತೆ ಲಾಕ್ ಆಗದೆ ಜಾರುತ್ತಿರುವಾಗ ಎಂಜಿನ್ನಿನ ಶಕ್ತಿ ಆಯಿಲನ್ನು ಕಡೆಯುವುದರಲ್ಲೇ ಕರಗುತ್ತದೆ. ರೀಮ್ಯಾಪ್‌ನಿಂದ ಟಾರ್ಕ್ ಹೆಚ್ಚಿದಷ್ಟೂ ಆ ಬಿಸಿಯೂ ಹೆಚ್ಚು. ಹಾಗಾಗಿ ಘಾಟಿಯಲ್ಲಿ ಡಿ ಬಿಟ್ಟು ಮ್ಯಾನ್ಯುಯಲ್‌ಗೆ ಹಾಕಿ, 2 ಅಥವಾ 3ರಲ್ಲಿ ಆರ್‌ಪಿಎಂ ಎತ್ತಿಟ್ಟು ಹತ್ತಿ, ಕನ್ವರ್ಟರ್ ಜಾರುವುದು ಕಡಿಮೆಯಾಗುತ್ತದೆ. ಲಾರಿಯ ಹಿಂದೆ ಏರಿನಲ್ಲಿ ನಿಲ್ಲಬೇಕಾದಾಗ ಆಕ್ಸಿಲರೇಟರ್ ಮೇಲೆ ಗಾಡಿ ಹಿಡಿಯಬೇಡಿ, ಬ್ರೇಕ್ ಒತ್ತಿ. ಇದೊಂದನ್ನು ದಯವಿಟ್ಟು ಮರೆಯಬೇಡಿ.

ಇಷ್ಟಾದರೂ 115 ದಾಟುತ್ತಿದ್ದರೆ ಕೂಲರ್ ಹಾಕಿಸುವುದರಲ್ಲಿ ಅರ್ಥವಿದೆ. ಈಗಿರುವ ಕೂಲರ್ ಗೇರ್‌ಬಾಕ್ಸ್ ಮೇಲೆಯೇ ಕೂತು ಎಂಜಿನ್ ಕೂಲೆಂಟ್‌ನಿಂದ ಆಯಿಲ್ ತಣಿಸುತ್ತದೆ. ಕೂಲೆಂಟೇ 90ರ ಆಸುಪಾಸು ಇರುವಾಗ ಆಯಿಲ್ ಅದಕ್ಕಿಂತ ಕೆಳಗಿಳಿಯಲಾರದು, ಆದ್ದರಿಂದ 95 ಕಂಡು ಗಾಬರಿಯಾಗಬೇಡಿ. ಗಾಳಿಯಿಂದ ಆರುವ ಸ್ಟ್ಯಾಕ್ಡ್ ಪ್ಲೇಟ್ ಕೂಲರನ್ನು (ತೆಳು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ್ದು) ಇದರ ನಂತರ, ಆಯಿಲ್ ವಾಪಸ್ ಬರುವ ದಾರಿಯಲ್ಲಿ ಜೋಡಿಸಬೇಕು. ಆಯಿಲ್ ಬಿಸಿಯಾದ ಮೇಲಷ್ಟೇ ಕೂಲರ್‌ಗೆ ಬಿಡುವ ಥರ್ಮೋಸ್ಟಾಟ್ ಇರಲೇಬೇಕು, ಇಲ್ಲದಿದ್ದರೆ ಬೆಳಗಿನ ಚಳಿಯಲ್ಲಿ ಆಯಿಲ್ ಬಿಸಿಯೇ ಏರದೆ ಗೇರ್ ಬದಲಾವಣೆ ಒರಟಾಗುತ್ತದೆ. ರೇಡಿಯೇಟರ್ ಮುಖವನ್ನೆಲ್ಲ ಮುಚ್ಚುವ ದೊಡ್ಡದು ಬೇಡ, ಎಂಜಿನ್ ಬಿಸಿಯಾಗುತ್ತದೆ.

118 ಮುಟ್ಟಿದ ಆಯಿಲನ್ನು ಒಮ್ಮೆ ಮೂಸಿ ನೋಡಿ. ಸೀದ ವಾಸನೆ ಇದ್ದರೆ ಬದಲಿಸಿ. ಒಂದು ಸಲ ಇಳಿಸಿದರೆ ಅರ್ಧಕ್ಕಿಂತ ಹೆಚ್ಚು ಒಳಗೇ ಉಳಿಯುವುದರಿಂದ ಸ್ವಲ್ಪ ಓಡಿಸಿ ಎರಡನೇ ಸಲ ಇಳಿಸಬೇಕಾಗುತ್ತದೆ. ಲೆವೆಲ್ ಸರಿಮಾಡಿಸಿ ಅದೇ ಘಾಟಿ ಮತ್ತೆ ಹತ್ತಿದಾಗ ಎಷ್ಟು ಬಂತು ಅಂತ ತಿಳಿಸಿ.